ಖಾಲಿ ತೂಕ

ಮಾಚೇನಹಳ್ಳಿಯ ವೇಬ್ರಿಜ್ಜಿನಿಂದ ಫೋನು ಬಂದಾಗ
ಸವಳಂಗ ರಸ್ತೆಯ ಆಫೀಸಿನಲ್ಲಿ ನಾನು
ಹೊಸ ಭಾಷೆಯೊಂದರ ಮೂರನೇ ಪಾಠದಲ್ಲಿದ್ದೆ.
ನಲವತ್ತಮೂರರಲ್ಲಿ ಮತ್ತೆ ಅ ಆ ಇ ಈ.
ಐದು ವರ್ಷಕ್ಕೊಮ್ಮೆ ಬಾಲವಾಡಿಗೆ ಕೂರಿಸುವ ಕಸುಬು ಇದು,
ಉಪ್ಪಿಟ್ಟು ಮಾತ್ರ ಕೊಡುವುದಿಲ್ಲ.

"ಮೇಡಂ, ತೂಕ ತಪ್ಪು ತೋರಿಸ್ತಿದೆ" ಅಂದ ಹೊಸ ಹುಡುಗ,
"ನಲವತ್ತು ಕೆಜಿ ಎಲ್ಲಿಗೋ ಹೋಗ್ತಿದೆ."

ಮುಬೀನಾ ಹಳೇ ಕೋಡು ತೆರೆದಳು, ಓದಿದಳು, ಮೂಗು ಮುರಿದಳು.
"ಯಾವ ಮಹಾನುಭಾವರು ಬರೆದಿದ್ದು ಇದು?"
ಸಾಲುಸಾಲಿಗೂ ಬರೆದವರನ್ನು ಹಿಡಿದುಕೊಡುವ ಆಜ್ಞೆಯೊಂದಿದೆ,
ಬ್ಲೇಮ್ ಎಂದೇ ಅದರ ಹೆಸರು.
ಒತ್ತಿದಳು.
ಪರದೆಯ ಎಡಕ್ಕೆ, ಮೇಲಿಂದ ಕೆಳಗಿನವರೆಗೆ
ನನ್ನ ಹೆಸರೇ ಇಳಿಯಿತು.
ಅವಳು ಏನೂ ಹೇಳದೆ ಟೀ ತರಲು ಎದ್ದುಹೋದಳು.
ಒಳ್ಳೆಯ ಹುಡುಗಿ.

ಇಪ್ಪತ್ತೊಂಬತ್ತರ ನಾನು ಅಲ್ಲಿದ್ದೆ.
ಎಷ್ಟು ಜಾಣೆ, ಎಷ್ಟು ಅವಸರ!
ತುಂಬಿದ ಲಾರಿ ತೂಗು, ಖಾಲಿ ಲಾರಿ ಕಳೆ,
ಉಳಿದದ್ದು ಮಾಲು. ಮೂರನೇ ಕ್ಲಾಸಿನ ಲೆಕ್ಕ.
ಖಾಲಿಯನ್ನು ದಿನಾ ಯಾಕೆ ತೂಗಬೇಕು ಎಂದುಕೊಂಡು
ಲಾರಿ ನಂಬರಿಗೊಂದು ತೂಕ ಬರೆದಿಟ್ಟು ಬೀಗ ಜಡಿದಿದ್ದೆ.
ಪಕ್ಕದಲ್ಲೊಂದು ಟಿಪ್ಪಣಿ: ಆಮೇಲೆ ನೋಡೋಣ.
ಹದಿನಾಲ್ಕು ವರ್ಷ ಆ 'ಆಮೇಲೆ'
ಯಾರ ಗೋಜಿಗೂ ಹೋಗದೆ ಕೂತಿತ್ತು.

ಹಾಗಾದರೆ ಇಷ್ಟು ದಿನ ತೂಕ ಸರಿ ಬಂದದ್ದು ಹೇಗೆ?

ಸ್ಕೂಟರಿನಲ್ಲಿ ತುಂಗೆಯ ಸೇತುವೆ ದಾಟಿ ಹೋದೆ.
ಚೌಡಪ್ಪ ಇದ್ದರು, ಮುಂದಿನ ವಾರ ರಿಟೈರು,
ಹುಡುಗನಿಗೆ ಬೀಗದ ಕೈ ಯಾವುದು ಯಾವುದಕ್ಕೆಂದು ತೋರಿಸುತ್ತಿದ್ದರು.
ನನ್ನ ಪ್ರಶ್ನೆಗೆ ಡ್ರಾಯರಿನಿಂದ
ಎಣ್ಣೆ ಕುಡಿದು ಉಬ್ಬಿದ ನೋಟುಬುಕ್ಕು ತೆಗೆದರು.

"ಖಾಲಿ ಲಾರಿ ಅಂದ್ರೆ ದಿನಾ ಒಂದೇ ತೂಕ ಇರಲ್ಲ ಮೇಡಂ.
ಡೀಸೆಲ್ ಇಳಿದಿರುತ್ತೆ. ಸ್ಟೆಪ್ನಿ ಮಾರ್ಕೊಂಡಿರ್ತಾರೆ.
ತಾಡಪಾಲು ಹೊಸದು ಬಂದಿರುತ್ತೆ.
ಕ್ಲೀನರು ತುಂಬಿದಾಗ ಒಳಗೆ, ಖಾಲಿಯಾದಾಗ ಬೀಡಿ ಅಂಗಡಿಲಿ.
ಡ್ರೈವರ್‌ಗೆ ಮದುವೆ ಆಯ್ತೋ, ಆರು ತಿಂಗಳಿಗೆ ಹತ್ತು ಕೆಜಿ."

ಪುಟಪುಟಕ್ಕೂ ಲಾರಿ ನಂಬರು, ಕೂಡು, ಕಳೆ, ಸಹಿ.
ನನ್ನ ಪ್ರೋಗ್ರಾಮು ಹೇಳಿದ್ದನ್ನು ದಿನವೂ ಕೈಯಲ್ಲಿ ತಿದ್ದಿ
ಮತ್ತೆ ಅದರ ಬಾಯಿಂದಲೇ ಸರಿ ಉತ್ತರ ಹೇಳಿಸಿದ್ದರು,
ದಡ್ಡ ಮಗುವಿಗೆ ಮನೆಪಾಠ ಮಾಡುವ ಮೇಷ್ಟರ ಹಾಗೆ.

"ಯಾಕೆ ಒಂದು ಫೋನು ಮಾಡಲಿಲ್ಲ?"
"ಮಾಡಿದ್ದೆ. ನೀವು ಯಾವುದೋ ಟ್ರೇನಿಂಗಲ್ಲಿದೀರಿ ಅಂದ್ರು."

ಆಫೀಸಿನ ಗೋಡೆಗೆ ಹನ್ನೊಂದು ಸರ್ಟಿಫಿಕೇಟು ಹಾಕಿದ್ದೇನೆ.
ಯಾವ ಟ್ರೇನಿಂಗು ಅದು? ನೆನಪಾಗಲಿಲ್ಲ.
ಎಷ್ಟು ಕಲಿತೆ ಎಂದು ಕೂಡಿಸುತ್ತಲೇ ಬಂದವಳು
ಕಲಿಯುವವಳನ್ನು ಬೇರೆಯಾಗಿ ತೂಗಿ ನೋಡಿರಲಿಲ್ಲ.
ಅವಳ ಹೆಸರಿನ ಮುಂದೆಯೂ ಒಂದೇ ಅಂಕಿ,
ಇಪ್ಪತ್ತೊಂಬತ್ತರಲ್ಲಿ ಬರೆದದ್ದು, ಬೀಗ ಹಾಕಿದ್ದು.
ಈ ನಡುವೆ ಏನೇನು ಇಳಿದಿದೆಯೋ,
ಯಾವ ಸ್ಟೆಪ್ನಿ ಎಲ್ಲಿ ಮಾರಿದೆನೋ.

ಲಾರಿ ಇಲ್ಲದ ಹೊತ್ತು, ಕಬ್ಬಿಣದ ಹಾಸಿನ ಮೇಲೆ ನಿಂತೆ.
ಕೆಂಪು ಅಂಕಿ: ಅರವತ್ತು.
ಚಪ್ಪಲಿ ಬಿಟ್ಟೆ. ಅರವತ್ತೇ.
"ಹತ್ತರ ಒಳಗಿನದ್ದು ಇದಕ್ಕೆ ಕಾಣಲ್ಲ" ಅಂದರು ಚೌಡಪ್ಪ,
"ಅದನ್ನ ನಾವೇ ನೋಡ್ಕೋಬೇಕು."

ಹುಡುಗ ನಕ್ಕ. ನಾನೂ.
ಬೀಗ ತೆಗೆಯುವುದು ಅರ್ಧ ಗಂಟೆಯ ಕೆಲಸ,
ಆ ನೋಟುಬುಕ್ಕು ಓದಲು ಬೇಸಿಗೆಯೇ ಬೇಕಾದೀತು.
ಒಯ್ಯಲೇ ಎಂದು ಕೇಳಿದೆ.
ಸ್ವಲ್ಪ ಯೋಚಿಸಿ ಕೊಟ್ಟರು.
"ತಿರುಗಿ ತಂದುಕೊಡಿ ಮತ್ತೆ.
ಹಿಂದಿನ ಪುಟದಲ್ಲಿ ಹಾಲಿನ ಲೆಕ್ಕ ಇದೆ."