ತವರದ ಸಾರು

ತವರ, ತವರು.
ಬರೆಯುವಾಗ ಒಂದು ಕೊಂಬಿನ ವ್ಯತ್ಯಾಸ.
ನನಗೆ ಎರಡೂ ಒಂದೇ ಪಾತ್ರೆಯಲ್ಲಿ ಬಂದವು:
ಅವ್ವ ಕೊಟ್ಟ ಹಿತ್ತಾಳೆ ತಪ್ಪಲೆ,
ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು:
ಸಣ್ಣಕ್ಕ, ದುದ್ದ.

ವರ್ಷಕ್ಕೊಮ್ಮೆ ಪೆನ್ಷನ್ ಮೊಹಲ್ಲಾದ ಮೂಲೆಯಲ್ಲಿ
ಬುಡೇನ್ ಸಾಬರು ತಿದಿ ಒತ್ತಿ,
ನವಸಾಗರದ ಬಿಳಿ ಹೊಗೆ ಎಬ್ಬಿಸಿ,
ಹತ್ತಿಯ ಒಂದೇ ಸುತ್ತಿಗೆ
ಅದರ ಹೊಟ್ಟೆಯೊಳಗೆ ನನ್ನ ಮುಖ ತರಿಸುತ್ತಿದ್ದರು.

ಆ ತಪ್ಪಲೆಯ ಹುಣಸೆ ಸಾರಿಗೆ ಬೆಲ್ಲ ಬೇಡ.
ಕುದಿದಷ್ಟೂ ಹುಳಿ ಮಾಗಿ, ಕೊನೆಗೊಂದು ಸಿಹಿ
ನಾಲಿಗೆಯ ಬುಡದಲ್ಲಿ ಕೂರುತ್ತಿತ್ತು.
ತವರಿನ ಪಾತ್ರೆ, ರುಚಿ ಬರದೆ ಇರುತ್ತಾ, ಅನ್ನೋರು ಅತ್ತೆ.
ಪಕ್ಕದ ಮನೆಯವರು ಲೋಟ ಹಿಡಿದು ಬರೋರು.
ನಾನು ಉಬ್ಬಿದ್ದೆ.

ಮೋಕ್ಷಿತ ಏಳರ ಮಗ್ಗಿಯಲ್ಲಿ
ಏಳ್ಮೂರ್ಲ ಇಪ್ಪತ್ತೊಂದಕ್ಕೆ ನಿಂತುಬಿಟ್ಟ.
ಹಿಂದಿನ ವರ್ಷ ಪೂರ್ತಿ ಒಪ್ಪಿಸಿದ್ದವನು.
ಹೊಟ್ಟೆನೋವು ಅಂದ. ಜಂತುಹುಳು ಅಂದರು, ಮಾತ್ರೆ ನುಂಗಿಸಿದೆ.
ದೃಷ್ಟಿ ಅಂದರು, ಮೆಣಸಿನಕಾಯಿ ನಿವಾಳಿಸಿದೆ, ಚಟಪಟ ಅಂತು.
ಸೋಮಾರಿ ಅಂದರು ಮೇಷ್ಟ್ರು. ಹೊಡೆದೆ.
ಆ ಏಟು ಇನ್ನೂ ನನ್ನ ಅಂಗೈಲಿದೆ.

ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ತುಟಿ ಎತ್ತಿ ಒಸಡು ನೋಡಿದರು.
ರಕ್ತ ಬೆಂಗಳೂರಿಗೆ ಹೋಯಿತು.
ಒಂಬತ್ತನೆಯ ದಿನ ಒಂದು ಪ್ರಶ್ನೆ ತಿರುಗಿ ಬಂತು:
"ಸಾರು ಯಾವುದರಲ್ಲಿ ಮಾಡ್ತೀರಿ?"

ಸೀಸ.
ಕಲಾಯಿಯೊಳಗೆ ಬೆರೆತದ್ದು.
ಹುಣಸೆ ಅದನ್ನು ಕರಗಿಸುತ್ತದಂತೆ,
ಕರಗಿದ್ದು ಸಿಹಿಯಾಗಿರುತ್ತದಂತೆ,
ಮೂಳೆಗೆ ಅದು ಸುಣ್ಣದ ಹಾಗೆಯೇ ಕಂಡು
ಬಾ ಅಂತ ಜಾಗ ಬಿಡುತ್ತದಂತೆ.
ಬಡಿಸಿದವಳು ನಾನು.
ಇನ್ನೊಂದು ಸೌಟು, ಇನ್ನೊಂದೇ ಸೌಟು ಅಂತ.

ಬೈಯಲಿಕ್ಕೇ ಹೋದೆ, ತಪ್ಪಲೆ ಕಂಕುಳಲ್ಲಿ.
ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ.
ತಿದಿ ತಣ್ಣಗಿತ್ತು. ಸಾಬರು ಚಾಪೆಯ ಮೇಲೆ,
ಬಲಗೈ ಮಣಿಕಟ್ಟು ಬಾಡಿದ ಬಾಳೆಸುಳಿಯ ಹಾಗೆ ಜೋತು.
ಚಹದ ಲೋಟ ಬಾಯಿಗೆ ಮುಟ್ಟಬೇಕಾದರೆ
ಎಡಗೈ ಬಲಗೈಯನ್ನೂ ಎತ್ತಬೇಕು.
"ಪೇಟೆ ಅಂಗಡಿ ಗಟ್ಟಿ ಕಣಮ್ಮ.
ತವರ ಅಂತಲೇ ಕೊಟ್ಟರು, ತವರದ ರೇಟೇ ತಗೊಂಡರು.
ನಮ್ಮನೇ ದೇಗ್ಚಿಗೂ ಅದನ್ನೇ ಹಚ್ಚಿದ್ದು."
ಹೊಸ್ತಿಲ ಮೇಲೆ ಅವರ ಮೊಮ್ಮಗಳು
ತಟ್ಟೆ ನೆಕ್ಕುತ್ತಿದ್ದಳು.

ತಂದ ಬೈಗುಳ ಎಲ್ಲಿ ಇಳಿಸಲಿ?
ಆಸ್ಪತ್ರೆ ಚೀಟಿ ಹರಿದು, ಹಿಂದೆ
ಆ ಡಾಕ್ಟರ ರೂಮ್ ನಂಬರು ಬರೆದುಕೊಟ್ಟು ಬಂದೆ.

ಈಗ ಕಟ್ಟಿನಕೆರೆ ಮಾರ್ಕೆಟ್ಟಿನ ಸ್ಟೀಲು.
ಸಾರು ಬರೀ ಸಾರು. ಅತ್ತೆ ಮುಖ ಕಿವುಚಿ ಬೆಲ್ಲ ಕೇಳುತ್ತಾರೆ.
ಕೆಲವು ಸಲ ನನ್ನ ನಾಲಿಗೆಯೂ, ನಾಚಿಕೆ ಬಿಟ್ಟು,
ಆ ಹಳೇ ಸಿಹಿ ಹುಡುಕುತ್ತದೆ.
ತಪ್ಪಲೆ ಅಟ್ಟದ ಮೇಲೆ ಬೋರಲು.
ಗುಜರಿಗೆ ಹಾಕಿದರೆ ಇನ್ನೊಬ್ಬಳ ಒಲೆ ಏರೀತು.
ಅವ್ವ ಫೋನು ಮಾಡಿದಾಗೆಲ್ಲ ಕೇಳುತ್ತಾಳೆ:
ಕಲಾಯಿ ಹಾಕಿಸಿದೆಯಾ?
ಹೂಂ ಅನ್ನುತ್ತೇನೆ.

ನಿನ್ನೆ ಮೋಕ್ಷಿತ ಏಳೈದ್ಲ ತನಕ ಬಂದ.
ಮೂವತ್ತೈದು ಅಂದ.
ಆಮೇಲೆ ಗೋಡೆ ನೋಡಿದ.
ನಾನು ಹೇಳಿಕೊಡಲಿಲ್ಲ. ಕಾದೆ.