ಎರಡು ಅಂಕದ ಬೀಗ

ಊಟದ ಬೆಲ್ಲಾದ ಮೇಲಿನ ಪಿರಿಯಡ್ಡು,
ಪಾಂಡವಪುರದಲ್ಲಿ ಕಬ್ಬು ಅರೆಯುವ ಕಾಲ.
ಎರಡೆರಡು ಟ್ರೈಲರು ಕಟ್ಟಿಕೊಂಡ ಟ್ರ್ಯಾಕ್ಟರು ಬಂದಾಗ
ವಾಕ್ಯದ ನಡುವೆ ನಿಲ್ಲುತ್ತೇನೆ;
ಅದು ಹೋದ ಮೇಲೆ ಕ್ರಿಯಾಪದ ಹೇಳುತ್ತೇನೆ.

ಹಲಗೆಯ ಮೇಲೆ ಬರೆದೆ:
ಉಪಮೆ. ರೂಪಕ. ಸಂಕೇತ. ವ್ಯಂಗ್ಯ.
ಕತೆ ಹಳೆಯದು, ನಾನೂ ಓದಿದ್ದೇ;
ಪಠ್ಯದಿಂದ ಹೋಗಿ, ಸುತ್ತಾಡಿ, ಮತ್ತೆ ಬಂದಿದೆ.
ಒಬ್ಬ ಗುಮಾಸ್ತ. ಅವನ ಮನೆಯ ಹಿಂಗೋಡೆ ಬಿದ್ದಿದೆ.
ಆದರೂ ದಿನಾ ಬೆಳಿಗ್ಗೆ ಮುಂಬಾಗಿಲಿಗೆ ಬೀಗ ಹಾಕಿ,
ಎರಡು ಸಲ ಜಗ್ಗಿ ನೋಡಿ, ಕಚೇರಿಗೆ ಹೋಗುತ್ತಾನೆ.
ಅಷ್ಟೇ. ಎಂಟು ಪುಟ.

"ಅವನ ಮೌನ ಬಾವಿಯಂತಿತ್ತು" ಇದೇನು?
"ಉಪಮೆ ಮಿಸ್" ಎಂದಿತು ಇಡೀ ತರಗತಿ, ಪ್ರಾರ್ಥನೆಯ ರಾಗದಲ್ಲಿ.
ಹಿಂದಿನ ಬೆಂಚಿನ ಯೋಗಾನಂದ ಮಾತ್ರ:
"ಬಾವಿ ಅಂದ್ರೆ ಆಗೋಯ್ತಾ ಮಿಸ್? ನೀರೈತಾ ಇಲ್ವಾ ಹೇಳ್ಬೇಕಲ್ವಾ?
ನಮ್ಮೂರ್ ಬಾವಿಗೆ ಮುಳ್ಳು ತುಂಬವ್ರೆ."
ನಕ್ಕರು. ನಾನೂ ನಕ್ಕೆ.
ಆಮೇಲೆ ಪುಟ ತಿರುಗಿಸಿ ನೋಡಿದೆ,
ನೀರಿನ ಸುದ್ದಿ ಕತೆಗಾರ ಎತ್ತಿಲ್ಲ.

ಬೀಗ ಯಾತರ ಸಂಕೇತ?
ಮಾದರಿ ಉತ್ತರ ನನ್ನ ಬಳಿ ಇದೆ:
ಮಧ್ಯಮವರ್ಗದ ಹುಸಿ ಭದ್ರತೆ. ಎರಡು ಅಂಕ.
"ಹುಸಿ" ಬಿಟ್ಟರೆ ಒಂದು.
ಪುಸ್ತಕದಲ್ಲಿ ಆ ಸಾಲಿನ ಕೆಳಗೆ
ಹದಿನೇಳರ ವಯಸ್ಸಿನ ನನ್ನ ಪೆನ್ಸಿಲ್ ಗೆರೆ,
ಪಕ್ಕದಲ್ಲಿ "ಇಂಪಾರ್ಟೆಂಟ್".

ಮುಬೀನಾ ಎದ್ದಳು. ಏಳುವ ಹುಡುಗಿಯಲ್ಲ ಅವಳು.
"ಕಳ್ಳ ಹಿಂದಿನಿಂದ ಬರ್ತಾನೆ ಅಂತ ಅವನಿಗೆ ಗೊತ್ತು ಮಿಸ್.
ಬೀಗ ಕಳ್ಳನಿಗಲ್ಲ.
ಎದುರುಮನೆಯವ್ರಿಗೆ."
ಕೂತಳು. ದುಪಟ್ಟಾದ ಅಂಚು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಟ್ರ್ಯಾಕ್ಟರು ಬರಲೆಂದು ಕಾದೆ. ಬರಲಿಲ್ಲ.

ಹನ್ನೊಂದು ವರ್ಷದಿಂದ ಈ ಕಾಲೇಜಿಗೆ ನಾನು ಅತಿಥಿ.
ಅತಿಥಿ ಉಪನ್ಯಾಸಕಿ: ಈ ಮಾತು ಯಾವ ಅಲಂಕಾರ ಎಂದು
ಯಾವ ಪ್ರಶ್ನೆಪತ್ರಿಕೆಯೂ ಕೇಳಿಲ್ಲ.
ಜೂನ್‌ನಿಂದ ಗೌರವಧನ ಬಂದಿಲ್ಲ;
ಬಂದಿಲ್ಲವೆಂದು ನಮ್ಮ ಬೀದಿಗೆ ತಿಳಿಯದಂತೆ
ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ.

ಆಗ ನಿಂಗರಾಜು, ಗಾರೆ ಕೆಲಸದ ಸಣ್ಣಸ್ವಾಮಿಯ ಮಗ:
"ಮಿಸ್, ಗೋಡೆ ಎಷ್ಟುದ್ದ?"
ಕತೆಯಲ್ಲಿಲ್ಲ.
"ಹತ್ತಡಿ ಅಂತ ಇಟ್ಕಳನ. ಎತ್ತರ ಎಂಟು."
ಅವನೇ ಬಂದ. ನನ್ನ ಕೈಯ ಸೀಮೆಸುಣ್ಣ ಇಸ್ಕೊಂಡು
"ಸಂಕೇತ"ದ ಕೆಳಗೆ ಲೆಕ್ಕ ಇಳಿಸಿದ:
ಇಟ್ಟಿಗೆ ಎಂಟುನೂರು, ಸಿಮೆಂಟು ಮೂರು ಮೂಟೆ,
ಮೇಸ್ತ್ರಿ ಒಬ್ಬ, ಕೈಯಾಳು ಇಬ್ಬರು, ಎರಡು ದಿನ.
"ಆ ಕಾಲ್ದಲ್ಲಿ ಸಿಮೆಂಟೆಲ್ಲಿ ಬಂತು, ಮಣ್ಣು ಹಾಕು" ಎಂದಳು ಸಿಂಚನಾ.
ಅಂಗೈಯಿಂದ ಒರೆಸಿದ. ಮತ್ತೆ ಕೂಡಿದ.
ಗುಮಾಸ್ತನ ಸಂಬಳ ಮಾತ್ರ ಕತೆಯಲ್ಲಿದೆ, ಮೂರನೆಯ ಪುಟ:
ತಿಂಗಳಿಗೆ ಇಪ್ಪತ್ತೆರಡು ರೂಪಾಯಿ.
ಆ ಸಾಲಿಗೆ ನಾನು ಗೆರೆ ಎಳೆದಿರಲಿಲ್ಲ.
"ಏಳು ತಿಂಗಳು ಉಣ್ಣದೆ ಇದ್ರೆ ಆಯ್ತದೆ ಮಿಸ್."

ಬೆಲ್ಲು ಹೊಡೆಯಿತು. ಯಾರೂ ಎದ್ದು ಓಡಲಿಲ್ಲ.
ಡಸ್ಟರು ಹಿಡಿದು ಬಂದ ಅರ್ಥಶಾಸ್ತ್ರದ ಮೇಷ್ಟ್ರು ಹಲಗೆ ನೋಡಿ
"ನನ್ನ ಪಾಠ ನೀವೇ ಮುಗಿಸಿಬಿಟ್ರಾ ಮೇಡಂ?" ಎಂದರು.

ನೋಟ್ಸಿನಲ್ಲಿ ಮಾತ್ರ
ಹುಸಿ ಭದ್ರತೆ ಎಂದೇ ಬರೆಸಿದ್ದೇನೆ.
ಪರೀಕ್ಷೆ ಮಾರ್ಚಿನಲ್ಲಿ; ಪೇಪರು ತಿದ್ದಲು ಕೂರುವವರು ಯಾರೋ.
ಮುಬೀನಾ ಅದನ್ನೂ ಬರೆದುಕೊಂಡಳು,
ದುಂಡಗೆ, ಸ್ಕೇಲಿಟ್ಟು ಅಡಿಗೆರೆ ಎಳೆದು,
ಎದುರುಮನೆಯವರಿಗೆ ಕಾಣುವ ಹಾಗೆ.