ಕೊಂಡಿ

ಇಳಕಲ್ಲಿನ ಈ ಓಣಿಗೆ ಬಂದು
ಮೂರು ಸಲ ನಕ್ಷೆ ಹರಿದೆ.

ಒಮ್ಮೆ ಮಾಳಿಗೆ ಎತ್ತರವಾಯ್ತು,
ಎದುರು ಮನೆಯ ದಾನಮ್ಮನ ಮಗ್ಗದ ಕುಣಿಗೆ
ಹತ್ತರ ಬಿಸಿಲು ಇಳಿಯುವಂತಿರಲಿಲ್ಲ.
ಒಮ್ಮೆ ಕಾರಿಗೆಂದು ಕಟ್ಟೆ ನುಂಗಿದೆ.
ಆಮೇಲೆ ಕಲ್ಲು. ಇಲ್ಲಿಯದೇ ಕೆಂಪು ಕಲ್ಲು,
ಹೊಳಪಿಟ್ಟ ಹಲಗೆಯೊಂದನ್ನು ಒರಗಿಸಿದೆ;
ಹಾದವರು ಕಲ್ಲು ನೋಡಲಿಲ್ಲ,
ಕ್ರಾಪು ತಿದ್ದಿಕೊಂಡರು.

"ಹಳೇದರಂಗ ಮಾಡಬ್ಯಾಡ್ರಿ," ಅಂದಳು ದಾನಮ್ಮ,
ಸೆರಗಿನ ಕೆಂಪೆಳೆಗೆ ಒಡಲಿನೆಳೆ ಸಿಕ್ಕಿಸುತ್ತ.
"ಸೆರಗು ಬ್ಯಾರೆ, ಒಡಲು ಬ್ಯಾರೆ.
ಕೊಂಡಿ ಕೂಡಿದ್ರ ಸಾಕು."

ಟೇಪು ಬದಿಗಿಟ್ಟು ಆಕೆಯ ಕಟ್ಟೆ ಮೇಲೆ ಕೂತೆ.
ಕಾಲು ನೆಲ ಮುಟ್ಟಿತು.
ಬರೆದುಕೊಂಡೆ:
ಎತ್ತರ, ಒಂದು ಮೊಳ.

ಮಾಲೀಕರಿಗೆ ಫೋನು ಮಾಡಿದೆ.
ಕಾರು ಎಲ್ಲಿ ನಿಲ್ಲಬೇಕೋ
ನನಗಿನ್ನೂ ತಿಳಿದಿಲ್ಲ.